ಪಾರ್ಕಿನ್ಸನ್ ಅಂದ್ರೆ ಬರೀ ಕೈ ನಡುಕ ಅಲ್ಲ: ಮನೆಯವರಲ್ಲಿ ಏನು ಗಮನಿಸಬೇಕು, ಮಾತ್ರೆ ಹೇಗೆ ಕೊಡಬೇಕು?

ಬಸ್ಸಲ್ಲೋ ಮೆಟ್ರೋದಲ್ಲೋ ಇಯರ್‌ಫೋನ್ ಹಾಕ್ಕೊಂಡು ಕೇಳ್ತಿರೋ ನಿಮಗೆ ಇವತ್ತಿನ ವಿಷಯ ವಯಸ್ಸಾದವರದ್ದು ಅನ್ನಿಸಬಹುದು. ಪಾರ್ಕಿನ್ಸನ್ ಕಾಯಿಲೆ. ಹೆಚ್ಚಾಗಿ ಅರವತ್ತರ ಆಸುಪಾಸಿನಲ್ಲಿ ಬರೋದು ನಿಜ. ಆದರೆ ಹಾಲಿವುಡ್ ನಟ ಮೈಕಲ್ ಜೆ. ಫಾಕ್ಸ್‌ಗೆ ಇದು ಪತ್ತೆಯಾದಾಗ ಬರೀ 29 ವರ್ಷ. ಇನ್ನೊಂದು ವಿಷಯ ಏನಂದ್ರೆ, ಮನೇಲಿ ದೊಡ್ಡವರಲ್ಲಿ ಆಗೋ ಬದಲಾವಣೆ ಮೊದಲು ಕಣ್ಣಿಗೆ ಬೀಳೋದು ಹಬ್ಬಕ್ಕೆ ಊರಿಗೆ ಹೋಗೋ ನಮ್ಮಂಥವರಿಗೆ. ದಿನಾ ಜೊತೇಲಿರೋರಿಗೆ ನಿಧಾನಕ್ಕೆ ಆಗೋದು ಕಾಣಲ್ಲ.

ಮೊದಲೇ ಹೇಳ್ಬಿಡ್ತೀನಿ, ನಾನು ಓದಿದ್ದು ಬಿಕಾಂ. ಡಾಕ್ಟರ್ ಅಲ್ಲ. ನಮ್ಮ ದೊಡ್ಡಪ್ಪನಿಗೆ ಪಾರ್ಕಿನ್ಸನ್ ಇದೆ, ಅವರ ಮಾತ್ರೆ ಲೆಕ್ಕ ನೋಡ್ಕೊಳ್ಳೋರಲ್ಲಿ ನಾನೂ ಒಬ್ಬ. ಅಷ್ಟೇ ನನ್ನ ಅರ್ಹತೆ.

ರೀಲ್ಸ್ ನೋಡಿದ್ರೆ ಡೋಪಮಿನ್ ಬರುತ್ತೆ ಅಂತ ಎಲ್ರೂ ಹೇಳ್ತಾರಲ್ಲ, ಇಲ್ಲೂ ಅದೇ ಡೋಪಮಿನ್. ಅದಕ್ಕೆ ಖುಷಿ ಕೊಡೋದಷ್ಟೇ ಕೆಲಸ ಅಲ್ಲ. ಕೈ ಎತ್ತು, ಹೆಜ್ಜೆ ಇಡು, ಗುಂಡಿ ಹಾಕು ಅನ್ನೋ ಚಲನೆಗಳು ಸರಾಗವಾಗಿ ಆಗೋಕೂ ಅದು ಬೇಕು. ಮೆದುಳಿನ ಒಳಭಾಗದಲ್ಲಿ ಸಬ್‌ಸ್ಟ್ಯಾನ್ಶಿಯಾ ನೈಗ್ರಾ ಅನ್ನೋ ಜಾಗದಲ್ಲಿ ಅದನ್ನ ತಯಾರಿಸೋ ಕೋಶಗಳು ಸಾಯ್ತಾ ಹೋಗೋದೇ ಈ ಕಾಯಿಲೆ. ಅಂಗಡಿಗೆ ವರ್ಕಿಂಗ್ ಕ್ಯಾಪಿಟಲ್ ಇದ್ದ ಹಾಗೆ ಅಂದ್ಕೊಳ್ಳಿ. ಕಟ್ಟಡ ಇದೆ, ಕೆಲಸದವರಿದ್ದಾರೆ, ಗಲ್ಲಾಪೆಟ್ಟಿಗೆಯಲ್ಲಿ ಓಡಾಡೋ ದುಡ್ಡೇ ಇಲ್ಲ. ಸ್ನಾಯುಗಳಲ್ಲಿ ಬಲ ಇರುತ್ತೆ, ಆದರೆ ಕೆಲಸ ಶುರುವಾಗಲ್ಲ. ಲಕ್ಷಣ ಎದ್ದು ಕಾಣೋ ಹೊತ್ತಿಗೆ ಆ ಕೋಶಗಳಲ್ಲಿ ಸುಮಾರು ಅರ್ಧ ಹೋಗಿಬಿಟ್ಟಿರುತ್ತವೆ. 1817ರಲ್ಲಿ ಲಂಡನ್ನಿನ ಜೇಮ್ಸ್ ಪಾರ್ಕಿನ್ಸನ್ ಅನ್ನೋ ವೈದ್ಯರು ಇದರ ಬಗ್ಗೆ ಪ್ರಬಂಧ ಬರೆದರು, ಹೆಸರು ಅಲ್ಲಿಂದ ಬಂತು. ಅವರು ಹುಟ್ಟಿದ ಏಪ್ರಿಲ್ 11 ಈಗ ವಿಶ್ವ ಪಾರ್ಕಿನ್ಸನ್ ದಿನ.

ಈಗ ಲಕ್ಷಣ. ನಮ್ಮ ದೊಡ್ಡಪ್ಪನಿಗೆ ದಿನಸಿ ಅಂಗಡಿ. ಕೈ ನಡುಗೋಕೆ ಮುಂಚೆ ಬದಲಾಗಿದ್ದು ಅವರ ಅಕ್ಷರ. ಲೆಕ್ಕದ ಪುಸ್ತಕದಲ್ಲಿ ಸಾಲಿನ ಮೊದಲಿಗೆ ದಪ್ಪಗಿದ್ದ ಅಂಕಿ ಕೊನೆಗೆ ಬರೋ ಹೊತ್ತಿಗೆ ಇರುವೆ ಸಾಲಿನ ಥರ ಸಣ್ಣ. ಹಳೇ ಪುಸ್ತಕ, ಹೊಸ ಪುಸ್ತಕ ಪಕ್ಕಪಕ್ಕ ಇಟ್ಟರೆ ಬೇರೆ ಯಾರೋ ಬರೆದ ಹಾಗೆ ಕಾಣುತ್ತೆ. ಜೊತೆಗೆ ಬಲಗಡೆ ಭುಜ ಬಿಗಿತ, ಅದಕ್ಕೆ ಎಷ್ಟೋ ತಿಂಗಳು ಬರೀ ಫಿಸಿಯೋಥೆರಪಿ ನಡೀತು. ಇದು ತುಂಬಾ ಜನರ ಕಥೆ. ಪಾರ್ಕಿನ್ಸನ್ ಸಾಮಾನ್ಯವಾಗಿ ಒಂದು ಪಕ್ಕದಲ್ಲಿ ಶುರುವಾಗುತ್ತೆ, ನಡೆಯುವಾಗ ಒಂದು ಕೈ ಬೀಸೋದೇ ಇಲ್ಲ. ಫೋನಲ್ಲಿ ಹಳೇ ಮದುವೆ ವಿಡಿಯೋ ಇದ್ರೆ ತೆಗೆದು ನೋಡಿ, ಆಗ ಹೇಗೆ ನಡೀತಿದ್ರು, ಈಗ ಹೇಗೆ. ಅಂಥ ಎರಡು ವಿಡಿಯೋ ಡಾಕ್ಟರ್‌ಗೆ ತುಂಬಾ ಉಪಯೋಗ, ಯಾಕಂದ್ರೆ ಇದನ್ನ ಖಚಿತ ಮಾಡೋ ಮಾಮೂಲಿ ರಕ್ತಪರೀಕ್ಷೆ ಇಲ್ಲ. ಎಂಆರ್‌ಐ ಮಾಡಿಸೋದು ಹೆಚ್ಚಾಗಿ ಬೇರೆ ಕಾಯಿಲೆ ಇಲ್ಲ ಅಂತ ನೋಡೋಕೆ. ನರರೋಗ ತಜ್ಞರು ಕಣ್ಣಲ್ಲಿ ನೋಡಿ, ಕೈ ಮಣಿಕಟ್ಟು ತಿರುಗಿಸಿ, ನಡೆಸಿ ನೋಡಿಯೇ ಹೇಳೋದು.

ಮುಖದಲ್ಲಿ ಭಾವ ಕಡಿಮೆ ಆಗುತ್ತೆ, "ಯಾಕೆ ಸಿಟ್ಟಾಗಿದ್ದೀರಾ" ಅಂತ ಜನ ಕೇಳ್ತಾರೆ. ದನಿ ತಗ್ಗುತ್ತೆ. ಇವೆಲ್ಲಕ್ಕೂ ಎಷ್ಟೋ ವರ್ಷ ಮುಂಚೆ ವಾಸನೆ ಗೊತ್ತಾಗದೇ ಇರೋದು, ಮಲಬದ್ಧತೆ, ಖಿನ್ನತೆ, ನಿದ್ದೇಲಿ ಕನಸಿಗೆ ತಕ್ಕಂತೆ ಕೂಗಾಡಿ ಒದೆಯೋದು ಇರಬಹುದು. ಹಾಗಂತ ಒಗ್ಗರಣೆ ವಾಸನೆ ಬರಲಿಲ್ಲ ಅಂತ ಇವತ್ತು ರಾತ್ರಿ ಗೂಗಲ್ ಮಾಡ್ಕೊಂಡು ಕೂರಬೇಡಿ. ಇವು ಬೇರೆ ನೂರು ಕಾರಣಕ್ಕೂ ಬರುತ್ತವೆ.

ನಡುಕದಲ್ಲೂ ವ್ಯತ್ಯಾಸ ಇದೆ. ಪಾರ್ಕಿನ್ಸನ್ ನಡುಕ ಕೈ ತೊಡೆ ಮೇಲೆ ಸುಮ್ಮನೆ ಇದ್ದಾಗ ಜಾಸ್ತಿ, ಹೆಬ್ಬೆರಳು ತೋರುಬೆರಳ ಮಧ್ಯೆ ಗುಳಿಗೆ ಉರುಳಿಸೋ ಥರ. ಕಾಫಿ ಲೋಟ ಎತ್ತಿದಾಗ, ಸಹಿ ಹಾಕುವಾಗ ಎರಡೂ ಕೈ ನಡುಗಿದ್ರೆ ಅದು ಎಸೆನ್ಶಿಯಲ್ ಟ್ರೆಮರ್ ಅನ್ನೋ ಬೇರೆ ತೊಂದರೆ ಇರಬಹುದು, ಅದು ಮನೆತನದಲ್ಲಿ ಬರೋದು ಜಾಸ್ತಿ. ಇನ್ನು ಪಾರ್ಕಿನ್ಸನ್ ಇದ್ದೂ ನಡುಕವೇ ಬರದವರೂ ಇದ್ದಾರೆ.

ಇಲ್ಲಿ ಒಂದು ವಿಷಯಕ್ಕೆ ಸ್ವಲ್ಪ ನಿಲ್ತೀನಿ, ಇದು ಮನೆಮನೆಯ ಔಷಧಿ ಡಬ್ಬಿಯ ವಿಷಯ. ಕೆಲವು ಮಾತ್ರೆಗಳೇ ಪಾರ್ಕಿನ್ಸನ್ ಥರದ ಲಕ್ಷಣ ತರುತ್ತವೆ. ತಲೆಸುತ್ತಿಗೆ ಕೊಡೋ ಸಿನ್ನರಿಜಿನ್, ಮೈಗ್ರೇನ್‌ಗೆ ಕೊಡೋ ಫ್ಲೂನರಿಜಿನ್, ವಾಂತಿಗೆ ಮೆಟೊಕ್ಲೋಪ್ರಮೈಡ್, ಮಾನಸಿಕ ಕಾಯಿಲೆಯ ಕೆಲವು ಔಷಧಿ. ಗ್ಯಾಸ್ಟ್ರಿಕ್ ಅಂತ ಬೆಳಗ್ಗೆ ನುಂಗೋ ಕೆಲವು ಕ್ಯಾಪ್ಸೂಲ್‌ಗಳಲ್ಲಿ ಲೆವೊಸಲ್ಪಿರೈಡ್ ಸೇರಿರುತ್ತೆ. ಸ್ಟ್ರಿಪ್ ಹಿಂದೆ ಸಣ್ಣ ಅಕ್ಷರದಲ್ಲಿ ಬರೆದಿರುತ್ತೆ, ಝೂಮ್ ಮಾಡಿ ಓದಿ. ಮೆಡಿಕಲ್ ಶಾಪಲ್ಲಿ ಹಳೇ ಚೀಟಿ ತೋರಿಸಿ ವರ್ಷಗಟ್ಟಲೆ ತಗೊಳ್ಳೋ ವಯಸ್ಸಾದವರಿಗೆ ಅಪಾಯ ಹೆಚ್ಚು. ಡಾಕ್ಟರ್ ಅದನ್ನ ನಿಲ್ಲಿಸಿದ ಮೇಲೆ ವಾರಗಳಲ್ಲೋ ತಿಂಗಳುಗಳಲ್ಲೋ ಬಹಳಷ್ಟು ಜನ ಸುಧಾರಿಸ್ತಾರೆ. ಹಾಗಾಗಿ ತಜ್ಞರ ಹತ್ರ ಹೋಗುವಾಗ ಎಲ್ಲ ಸ್ಟ್ರಿಪ್‌ಗಳ ಫೋಟೋ ತಗೊಂಡು ಹೋಗಿ. ನೀವಾಗಿ ನಿಲ್ಲಿಸೋಕೆ ಹೋಗಬೇಡಿ.

ಚಿಕಿತ್ಸೆ ವಿಷಯಕ್ಕೆ ಬರೋಣ. ಕಾಯಿಲೆಯನ್ನ ವಾಸಿ ಮಾಡೋ ಔಷಧಿ ಇನ್ನೂ ಇಲ್ಲ, ಲಕ್ಷಣ ಹಿಡಿತದಲ್ಲಿಡೋ ಔಷಧಿ ಇದೆ. ಮುಖ್ಯವಾದದ್ದು ಲೆವೊಡೋಪಾ, ಮೆದುಳು ಇದನ್ನ ಡೋಪಮಿನ್ ಮಾಡ್ಕೊಳ್ಳುತ್ತೆ. ಜೊತೆಗೆ ಕಾರ್ಬಿಡೋಪಾ ಇರುತ್ತೆ, ದಾರೀಲೇ ಖರ್ಚಾಗದಂತೆ ಕಾಯೋಕೆ. ಈ ಮಾತ್ರೆಗೆ ಟೈಮೇ ಜೀವ. ಪ್ರೋಟೀನ್ ಜೊತೆ ಹೋದರೆ ಹೀರಿಕೊಳ್ಳೋ ಜಾಗಕ್ಕೆ ಪೈಪೋಟಿ, ಅದಕ್ಕೇ ಊಟಕ್ಕೆ ಅರ್ಧ ಗಂಟೆ ಮುಂಚೆ ಅಥವಾ ಒಂದೆರಡು ಗಂಟೆ ಆದ ಮೇಲೆ ಕೊಡಿ ಅಂತ ಹೇಳೋದು. ಹಾಲಿನ ಜೊತೆ ಬೇಡ. ಕಬ್ಬಿಣದ ಮಾತ್ರೆ ಇದ್ರೆ ಅದೂ ಬೇರೆ ಹೊತ್ತಿಗೆ. ಶುರುವಿನಲ್ಲಿ ವಾಕರಿಕೆ ಬಂದ್ರೆ ಒಂದು ಬಿಸ್ಕತ್ ಸಾಕು.

ವರ್ಷ ಕಳೆದಂತೆ ಒಂದು ಡೋಸ್ ಮುಂದಿನದರ ತನಕ ಬಾಳಲ್ಲ. ಮಧ್ಯೆ ಮೈ ಕಲ್ಲಾಗುತ್ತೆ, ಇಲ್ಲಾಂದ್ರೆ ಮಾತ್ರೆ ಜೋರಾದಾಗ ಮೈ ತಾನಾಗೇ ಹೊರಳಾಡುತ್ತೆ. ನಾನು ಮಾಡಿರೋದು ಒಂದು ಸಾದಾ ಎಕ್ಸೆಲ್ ಶೀಟ್: ಮಾತ್ರೆ ಹೊತ್ತು, ಊಟದ ಹೊತ್ತು, ಚೆನ್ನಾಗಿ ನಡೆದ ಹೊತ್ತು, ನಿಂತುಹೋದ ಹೊತ್ತು. ಡಾಕ್ಟರ್ ಡೋಸ್ ಬದಲಾಯಿಸೋದು ಇದನ್ನ ನೋಡಿ. ಮಾತ್ರೆಯನ್ನ ಏಕಾಏಕಿ ನಿಲ್ಲಿಸಿದರೆ ಜ್ವರ, ವಿಪರೀತ ಬಿಗಿತ ಬಂದು ಜೀವಕ್ಕೇ ಅಪಾಯ ಆಗಬಹುದು. ಬೇರೆ ಕಾಯಿಲೆಗೆ ಆಸ್ಪತ್ರೆ ಸೇರಿಸಿದಾಗ್ಲೂ ಟೈಮಿಗೆ ಕೊಡ್ತಿದ್ದಾರಾ ಅಂತ ಕೇಳಿ.

ನಸುಗುನ್ನಿ ಪುಡಿ ಬಗ್ಗೆ ತುಂಬಾ ಮೆಸೇಜ್ ಬಂದಿದೆ. ಹೌದು, ಆ ಬೀಜದಲ್ಲಿ ನಿಜವಾಗ್ಲೂ ಲೆವೊಡೋಪಾ ಇದೆ. ನನ್ನ ತಕರಾರು ಅದೇ. ಎಷ್ಟಿದೆ ಅಂತ ಡಬ್ಬಿಯಿಂದ ಡಬ್ಬಿಗೆ ಬದಲಾಗುತ್ತೆ, ಮಾತ್ರೆ ಮೇಲೆ ಇದನ್ನೂ ಕೊಟ್ಟರೆ ಡೋಸ್ ಡಬಲ್. ಡಾಕ್ಟರ್‌ಗೆ ಹೇಳದೆ ಬೇಡ.

ಬಾಗಿಲ ಹತ್ರ ಕಾಲು ನೆಲಕ್ಕೆ ಅಂಟಿಕೊಂಡ ಹಾಗೆ ನಿಂತುಬಿಟ್ರೆ ಎಳೀಬೇಡಿ, ಬೀಳ್ತಾರೆ. ಒಂದು, ಎರಡು ಅಂತ ತಾಳ ಹಾಕಿ, ಅಥವಾ ನೆಲಕ್ಕೆ ಬಣ್ಣದ ಟೇಪ್ ಅಂಟಿಸಿ ಅದನ್ನ ದಾಟೋಕೆ ಹೇಳಿ. ದೊಡ್ಡಪ್ಪ ಟೇಪ್ ಕಂಡ ತಕ್ಷಣ ಹೆಜ್ಜೆ ಎತ್ತುತ್ತಾರೆ. ಮೊದಲ ಸಲ ನೋಡಿದಾಗ ನನಗೆ ಮ್ಯಾಜಿಕ್ ಅನ್ನಿಸ್ತು. ದಿನಾ ನಡಿಗೆ, ವ್ಯಾಯಾಮವೂ ಔಷಧಿಯಷ್ಟೇ ಮುಖ್ಯ. ಮಾತ್ರೆಯ ಏರಿಳಿತ ಕೈಮೀರಿದ ಕೆಲವರಿಗೆ ಮೆದುಳಿಗೆ ಎಲೆಕ್ಟ್ರೋಡ್ ಇಡೋ ಡಿಬಿಎಸ್ ಶಸ್ತ್ರಚಿಕಿತ್ಸೆ ಇದೆ, ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಮಾಡ್ತಾರೆ.

ಕೊನೇದು, ಯಾರೂ ಬಾಯಿಬಿಟ್ಟು ಹೇಳದ ವಿಷಯ. ಪ್ರಾಮಿಪೆಕ್ಸೋಲ್, ರೋಪಿನಿರೋಲ್ ಗುಂಪಿನ ಮಾತ್ರೆಗಳು ಕೆಲವರಲ್ಲಿ ಜೂಜು, ಶಾಪಿಂಗ್, ಲೈಂಗಿಕ ಆಸೆಯ ಮೇಲೆ ಹಿಡಿತ ತಪ್ಪಿಸುತ್ತವೆ. ಜೀವಮಾನದಲ್ಲಿ ಇಸ್ಪೀಟ್ ಮುಟ್ಟದವರು ಫೋನಲ್ಲಿ ದುಡ್ಡು ಕಟ್ಟಿ ರಮ್ಮಿ ಆಡೋಕೆ ಶುರು ಮಾಡಬಹುದು. ಈ ಮಾತ್ರೆ ಶುರುವಾದ ಮೇಲೆ ಅಪ್ಪನ ಯುಪಿಐ ಹಿಸ್ಟರಿಯಲ್ಲಿ ವಿಚಿತ್ರ ಏನಾದ್ರೂ ಕಂಡ್ರೆ ಬೈಯೋಕೆ ಮುಂಚೆ ಡಾಕ್ಟರ್‌ಗೆ ಫೋನ್ ಮಾಡಿ. ಡೋಸ್ ಇಳಿಸಿದರೆ ಸಾಮಾನ್ಯವಾಗಿ ಅದು ಹೋಗುತ್ತೆ. ಪ್ರಶ್ನೆ ಇದ್ರೆ ವಾಯ್ಸ್ ನೋಟ್ ಕಳಿಸಿ, ಮುಂದಿನ ವಾರ ಸಿಗ್ತೀನಿ.