ನರಹುಲಿ ಎಂದು ಸುಣ್ಣ ಹಚ್ಚುವ ಮುನ್ನ...

ಕತ್ತು, ಕಂಕುಳು, ಕಣ್ಣಿನ ರೆಪ್ಪೆಗಳಲ್ಲಿ ಜೋತುಬೀಳುವ ಮೆದುವಾದ ಗಂಟುಗಳನ್ನೂ, ಕೈಬೆರಳುಗಳ ಮೇಲೆ ಏಳುವ ಒರಟು ಗಂಟುಗಳನ್ನೂ ಆಡುಮಾತಿನಲ್ಲಿ ನರಹುಲಿ ಎಂದೇ ಕರೆಯುವುದುಂಟು. ವೈದ್ಯಶಾಸ್ತ್ರದ ಪ್ರಕಾರ ಇವೆರಡೂ ಬೇರೆ ಬೇರೆ.

ಮೊದಲನೆಯದು ಸ್ಕಿನ್ ಟ್ಯಾಗ್. ಇದು ಅಂಟುವುದಿಲ್ಲ. ಬೊಜ್ಜು, ಮಧುಮೇಹ ಉಳ್ಳವರಲ್ಲಿ ಹಾಗೂ ಗರ್ಭಿಣಿಯರಲ್ಲಿ ಹೆಚ್ಚು. ಜೊತೆಗೆ ಕತ್ತಿನ ಚರ್ಮವೂ ಕಪ್ಪಾಗಿ ದಪ್ಪಗಾಗಿದ್ದರೆ ರಕ್ತದ ಸಕ್ಕರೆ ಪರೀಕ್ಷಿಸಿಕೊಳ್ಳುವುದು ಒಳಿತು. ಎರಡನೆಯದು ಎಚ್‌ಪಿವಿ ವೈರಾಣುವಿನಿಂದ ಬರುವ ನಿಜವಾದ ನರಹುಲಿ. ಒಬ್ಬರಿಂದೊಬ್ಬರಿಗೆ ಹರಡುತ್ತದೆ, ಕೆರೆದುಕೊಂಡರೆ ಮೈಯ ಬೇರೆ ಭಾಗಕ್ಕೂ ದಾಟುತ್ತದೆ. ಮಕ್ಕಳಲ್ಲಿ ಅನೇಕ ವೇಳೆ 2 ವರ್ಷದೊಳಗೆ ತಾನಾಗಿಯೇ ಮಾಯವಾಗುತ್ತದೆ.

ಚಿಕಿತ್ಸೆ ಹೇಗೆ?

ಸ್ಕಿನ್ ಟ್ಯಾಗ್ ಇರುವ ಜಾಗಕ್ಕೆ ಮಾತ್ರ ಅರಿವಳಿಕೆ ನೀಡಿ, ಕತ್ತರಿಯಿಂದ ಕತ್ತರಿಸುತ್ತಾರೆ ಅಥವಾ ವಿದ್ಯುತ್ ಶಾಖದಿಂದ ಸುಡುತ್ತಾರೆ. ಕೆಲವೇ ನಿಮಿಷಗಳ ಕೆಲಸ. ಅಂದೇ ಮನೆಗೆ ಮರಳಬಹುದು. ನರಹುಲಿಗೆ ಸ್ಯಾಲಿಸಿಲಿಕ್ ಆಮ್ಲದ ಲೇಪ ಅಥವಾ ಮೈನಸ್ 196 ಡಿಗ್ರಿ ಸೆಲ್ಸಿಯಸ್‌ನ ದ್ರವ ಸಾರಜನಕ ಬಳಸುವುದುಂಟು. ಇದಕ್ಕೆ ಕೆಲವು ವಾರಗಳ ಅಂತರದಲ್ಲಿ ಹಲವು ಭೇಟಿ ಬೇಕಾಗಬಹುದು. ಸುತ್ತಲಿನ ಚರ್ಮದಲ್ಲಿ ವೈರಾಣು ಉಳಿದರೆ ನರಹುಲಿ ಮರುಕಳಿಸುತ್ತದೆ.

ಸುಟ್ಟ ಜಾಗದಲ್ಲಿ ಕಟ್ಟುವ ಹಕ್ಕಳೆ ಸಾಮಾನ್ಯವಾಗಿ 7ರಿಂದ 10 ದಿನಗಳಲ್ಲಿ ಉದುರುತ್ತದೆ. ಅದನ್ನು ಕೀಳಬಾರದು. ನಮ್ಮವರ ಕಂದು ಚರ್ಮದಲ್ಲಿ ಕಪ್ಪು ಅಥವಾ ಬಿಳಿ ಕಲೆ ಕೆಲ ತಿಂಗಳು ಉಳಿಯಬಹುದು, ಬಿಸಿಲಿನಿಂದ ರಕ್ಷಿಸಿಕೊಳ್ಳಬೇಕು. ರಕ್ತ ತೆಳುವಾಗಿಸುವ ಮಾತ್ರೆ ಸೇವಿಸುವವರು, ಪೇಸ್‌ಮೇಕರ್ ಅಳವಡಿಸಿಕೊಂಡವರು, ಗಾಯದ ಕಲೆ ಉಬ್ಬಿ ಬೆಳೆಯುವ ಪ್ರವೃತ್ತಿಯುಳ್ಳವರು ಮೊದಲೇ ವೈದ್ಯರಿಗೆ ತಿಳಿಸಬೇಕು.

ಸುಣ್ಣ, ಸೋಡಾ ಬೇಡ

ಸುಣ್ಣಕ್ಕೆ ಸೋಡಾ ಬೆರೆಸಿ ಹಚ್ಚುವುದು, ಕೂದಲಿನಿಂದ ಬಿಗಿದು ಕಟ್ಟುವುದು ಹಳೆಯ ರೂಢಿ. ಸುಣ್ಣದ ಕ್ಷಾರ ಗಂಟಿನ ಜೊತೆಗೆ ಸುತ್ತಲಿನ ಚರ್ಮವನ್ನೂ ಸುಡುತ್ತದೆ. ಕಟ್ಟಿದ ಜಾಗ ಕೀವಾಗಬಹುದು. ಇದಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ. ನರಹುಲಿಯೆಂದು ಸುಟ್ಟದ್ದು ಚರ್ಮದ ಕ್ಯಾನ್ಸರ್ ಆಗಿದ್ದರೆ, ಪರೀಕ್ಷಿಸಲು ಉಳಿಯಬೇಕಾದ ಅಂಗಾಂಶವೇ ನಾಶವಾಗಿರುತ್ತದೆ. ರೋಗ ಒಳಗೇ ಬೆಳೆಯುತ್ತದೆ.

ಬೇಗನೆ ಬೆಳೆಯುವ, ಬಣ್ಣ ಬದಲಿಸುವ, ಅಂಚು ಅಂಕುಡೊಂಕಾದ, ರಕ್ತ ಒಸರುವ ಗಂಟು ಅಥವಾ ಮಚ್ಚೆಗಳನ್ನು, ಅಂಗಾಲಿನಲ್ಲಾಗಲಿ ಉಗುರಿನಡಿಯಲ್ಲಾಗಲಿ ಹೊಸದಾಗಿ ಮೂಡಿದ ಕಪ್ಪು ಗುರುತನ್ನು ಲೇಸರ್‌ನಿಂದಲೂ ಸುಡಿಸಬಾರದು. ಮೊದಲು ಚರ್ಮತಜ್ಞರಿಗೆ ತೋರಿಸಬೇಕು. ಅನುಮಾನವಿದ್ದಲ್ಲಿ ಬಯಾಪ್ಸಿ ನಡೆಯಲಿ; ಅಂದಚೆಂದದ ಮಾತು ಆಮೇಲಿರಲಿ.