ನೂರಿಪ್ಪತ್ತೇಳು ಕ್ವಿಂಟಲ್ ರಾಗಿಯ ಯಂತ್ರ

1991ರಲ್ಲಿ ಅಮೆರಿಕದ ಕಮೊಡೋರ್ ಕಂಪನಿ ಸಿಡಿಟಿವಿ ಎಂಬ ಕಪ್ಪು ಪೆಟ್ಟಿಗೆಯನ್ನು ಮಾರುಕಟ್ಟೆಗೆ ತಂದಿತು. ಬೆಲೆ 999 ಡಾಲರ್. ಅದೇ ವರ್ಷ ಫಿಲಿಪ್ಸ್‌ನ ಸಿಡಿ-ಐ ಬಂತು. ಎರಡರ ಉದ್ದೇಶವೂ ಒಂದೇ: ಟಿವಿ ಪಕ್ಕದಲ್ಲಿ ಕೂರುವ, ಹಾಡು, ಚಿತ್ರ, ವಿಶ್ವಕೋಶ, ಆಟ ಎಲ್ಲವನ್ನೂ ಒಂದೇ ಸಿಡಿಯಿಂದ ತೋರಿಸುವ, ಕಂಪ್ಯೂಟರ್ ಎಂದು ಹೇಳಿಕೊಳ್ಳದ ಕಂಪ್ಯೂಟರ್.

ಆ ಬೆಲೆಯನ್ನು ಬೆಂಗಳೂರು ಗ್ರಾಮಾಂತರದ ಲೆಕ್ಕಕ್ಕೆ ಇಳಿಸೋಣ. ರೂಪಾಯಿಯ ಅಪಮೌಲ್ಯವಾದ ಮೇಲೆ ಡಾಲರಿಗೆ ಸುಮಾರು 26 ರೂಪಾಯಿ. ಅಂದರೆ ಯಂತ್ರಕ್ಕೆ 26,000. 1991-92ರಲ್ಲಿ ರಾಗಿಯ ಬೆಂಬಲ ಬೆಲೆ ಕ್ವಿಂಟಲಿಗೆ 205 ರೂಪಾಯಿ. ಭಾಗಿಸಿದರೆ 127 ಕ್ವಿಂಟಲ್. ಹೊಸಕೋಟೆಯ ಕಡೆ ಎರಡು ಎಕರೆ ಖುಷ್ಕಿ ಇಟ್ಟುಕೊಂಡ ರೈತನಿಗೆ, ಎಕರೆಗೆ 8 ಕ್ವಿಂಟಲ್ ಎಂದು ಹಿಡಿದರೂ, ಎಂಟು ವರ್ಷದ ಬೆಳೆ. ಅದೂ ಮನೆಗೆ ಒಂದು ಮುದ್ದೆಯಷ್ಟೂ ಇಟ್ಟುಕೊಳ್ಳದೆ ಮಾರಿದರೆ.

ಇದು ಅಮೆರಿಕದ ಅಂಗಡಿಯ ಬೆಲೆ. ಆ ವರ್ಷದ ಬಜೆಟ್ಟಿನಲ್ಲಿ ಆಮದು ಸುಂಕದ ಗರಿಷ್ಠ ಮಿತಿಯನ್ನು ಶೇ. 150ಕ್ಕೆ ಇಳಿಸಿದ್ದರು, 'ಇಳಿಸಿದ್ದರು' ಎನ್ನುವುದನ್ನು ಗಮನಿಸಿ. ಆ ಸುಂಕ ಸೇರಿಸಿದರೆ 65,000 ರೂಪಾಯಿ, 317 ಕ್ವಿಂಟಲ್. ಅಷ್ಟು ಕೊಡಲು ಸಿದ್ಧನಿದ್ದವನಿಗೂ ದಾರಿ ಸಲೀಸಾಗಿರಲಿಲ್ಲ. ಗ್ರಾಹಕ ಬಳಕೆಯ ವಸ್ತುಗಳೂ ಸೇರಿದಂತೆ ಆಮದಿಗೆ ಇದ್ದ ನಿರ್ಬಂಧದ ಕೊನೆಯ 715 ಬಾಬ್ತುಗಳು ಮುಕ್ತವಾದದ್ದು 2001ರ ಏಪ್ರಿಲ್ 1ರಂದು.

ಇಷ್ಟು ದುಡ್ಡಿಗೆ ಒಳಗೆ ಏನಿತ್ತು? ಸಿಡಿ-ಐನಲ್ಲಿ 15.5 ಮೆಗಾಹರ್ಟ್ಸ್ ಪ್ರೊಸೆಸರ್, 1 ಎಂಬಿ ಮೆಮೊರಿ. ಮನೆಯವರು ಆಟದಲ್ಲಿ ಗಳಿಸಿದ ಅಂಕ ಉಳಿಸಿಕೊಳ್ಳಲು ಬರೀ 8 ಕಿಲೋಬೈಟ್. ಸಿಡಿಟಿವಿ ಎಂದರೆ ಸರಿಸುಮಾರು ಅಮಿಗಾ 500 ಕಂಪ್ಯೂಟರ್, ಕೀಬೋರ್ಡ್ ಕಿತ್ತು ಸಿಡಿ ಡ್ರೈವ್ ಹಾಕಿದ್ದು. ಬೆರಗು ಇದ್ದದ್ದು ಡಿಸ್ಕಿನಲ್ಲೇ. 12 ಸೆಂ.ಮೀ. ಅಗಲದ, 15-16 ಗ್ರಾಂ ತೂಕದ ಆ ಬಿಲ್ಲೆಯಲ್ಲಿ 650 ಎಂಬಿ ಹಿಡಿಯುತ್ತಿತ್ತು, ಆಗಿನ 460 ಫ್ಲಾಪಿಗಳಷ್ಟು. ಅದರ ಸುರುಳಿ ಗೆರೆಯ ಉದ್ದ ಸುಮಾರು 5.4 ಕಿ.ಮೀ.; ನಾಲ್ಕು ಡಿಸ್ಕಿನ ಗೆರೆ ಬಿಚ್ಚಿ ಹಾಸಿದರೆ ದೊಡ್ಡಬಳ್ಳಾಪುರದಿಂದ ದೇವನಹಳ್ಳಿ ಮುಟ್ಟುತ್ತದೆ.

ಆದರೆ ಸಿನಿಮಾಕ್ಕೆ ಅದೂ ಸಾಲದು. 352 ಅಡ್ಡ, 288 ಉದ್ದ ಚುಕ್ಕೆಗಳ ಚಿತ್ರ, ಸೆಕೆಂಡಿಗೆ 25: ಯಾವ ಸಂಕೋಚನವೂ ಇಲ್ಲದಿದ್ದರೆ ಸೆಕೆಂಡಿಗೆ ಮೂರು ಕೋಟಿ ನಾಲ್ಕು ಲಕ್ಷ ಬಿಟ್. ಹಾಗೆ ತುಂಬಿದರೆ ಒಂದು ಡಿಸ್ಕಿನಲ್ಲಿ ಸುಮಾರು ಮೂರು ನಿಮಿಷದ ದೃಶ್ಯ. ಒಂದು ಡ್ಯೂಯೆಟ್ಟೂ ಮುಗಿಯುವುದಿಲ್ಲ. ಎರಡೂವರೆ ತಾಸಿನ ಕನ್ನಡ ಚಿತ್ರಕ್ಕೆ ಐವತ್ತಕ್ಕೂ ಹೆಚ್ಚು ಡಿಸ್ಕು ಬೇಕು. ಇದನ್ನು ಬಿಡಿಸಿದ್ದು ಎಂಪೆಗ್-1 ಎಂಬ ಸಂಕೋಚನ ವಿಧಾನ. ಅದು ಚಿತ್ರವನ್ನು 26ರಲ್ಲಿ ಒಂದು ಪಾಲಿಗೆ, ಸೆಕೆಂಡಿಗೆ ಹನ್ನೊಂದೂವರೆ ಲಕ್ಷ ಬಿಟ್‌ಗೆ, ಇಳಿಸಿತು. ಡಿಸ್ಕಿಗೆ 74 ನಿಮಿಷ. ಸಿಡಿ-ಐಗೆ ಈ ಶಕ್ತಿ ಹುಟ್ಟಿನಿಂದ ಬಂದದ್ದಲ್ಲ. ಬೇರೆ ಕಾರ್ಟ್ರಿಜ್ ಕೊಂಡು ಸಿಕ್ಕಿಸಬೇಕಿತ್ತು.

1993ರಲ್ಲಿ ಎರಡು ಘಟನೆ. ಪ್ಯಾನಸಾನಿಕ್ 699.99 ಡಾಲರಿಗೆ 3ಡಿಒ ಎಂಬ ಇಂಥದೇ ಯಂತ್ರ ತಂದಿತು. ಆಗಿನ ವಿನಿಮಯ ದರ, ರಾಗಿಯ 260 ರೂಪಾಯಿ ಬೆಲೆಗೆ ಅದು 85 ಕ್ವಿಂಟಲ್. ಸಿಡಿಟಿವಿ, ಸಿಡಿ-ಐಗಳಂತೆ ಅದೂ ಸೋತಿತು. ಇನ್ನೊಂದು ಕಡೆ ಫಿಲಿಪ್ಸ್, ಸೋನಿ, ಜೆವಿಸಿ, ಮತ್ಸುಶಿತಾ ಕೂಡಿ ವಿಡಿಯೊ ಸಿಡಿಯ (ವಿಸಿಡಿ) ಮಾನದಂಡ ಬರೆದವು, ಚೀನಾದ ಹೆಫೈ ನಗರದ ವಾನ್‌ಯಾನ್ ಕಂಪನಿ ಅದಕ್ಕೆಂದೇ ಒಂದು ಪ್ಲೇಯರ್ ಮಾಡಿತು. ಆಟವಿಲ್ಲ, ವಿಶ್ವಕೋಶವಿಲ್ಲ. ಸಿಡಿ ಡ್ರೈವ್, ಎಂಪೆಗ್ ಬಿಡಿಸುವ ಚಿಪ್ಪು, ರಿಮೋಟ್, ಅಷ್ಟೆ.

ನನ್ನ ಅಭಿಪ್ರಾಯದಲ್ಲಿ ಇಡೀ ಕಥೆಯ ಗಂಟು ಇಲ್ಲಿದೆ. ಮೊದಲ ತಯಾರಕರು ಗಿರಾಕಿ ಕೇಳದ ಕಂಪ್ಯೂಟರಿಗೆ ಅವನಿಂದಲೇ ದುಡ್ಡು ವಸೂಲಿ ಮಾಡಲು ಹೊರಟಿದ್ದರು. ಟಿವಿಯ ಪಕ್ಕ ಇಡಬೇಕೆಂಬ ಅವರ ಎಣಿಕೆ ಮಾತ್ರ ಸರಿಯಿತ್ತು. 2011ರ ಜನಗಣತಿಯಲ್ಲೂ ದೇಶದ ಗ್ರಾಮೀಣ ಮನೆಗಳಲ್ಲಿ ಟಿವಿ ಶೇ. 33.4, ಕಂಪ್ಯೂಟರ್ ಶೇ. 5.2.

ಆಮದಿನ ನಿರ್ಬಂಧ ಹೋದ ಮೇಲೆ ಚೀನಾದ ವಿಸಿಡಿ ಸೆಟ್ಟುಗಳು ಬಂದವು. 2007ರ ಹೊತ್ತಿಗೆ ಬೆಂಗಳೂರಿನ ನ್ಯಾಷನಲ್ ಮಾರ್ಕೆಟ್ಟಿನಲ್ಲಿ ಎರಡು ಸಾವಿರದೊಳಗೆ ಪ್ಲೇಯರ್ ಸಿಗುತ್ತಿತ್ತು. ರಾಗಿ ಕ್ವಿಂಟಲಿಗೆ 600 ರೂಪಾಯಿ ಇದ್ದ ಆ ವರ್ಷದ ಲೆಕ್ಕದಲ್ಲಿ ಮೂರೂಕಾಲು ಕ್ವಿಂಟಲ್ ಚಿಲ್ಲರೆ. ಹಬ್ಬಕ್ಕೋ ತಿಥಿಗೋ ಟಿವಿ, ಡೆಕ್ ಬಾಡಿಗೆಗೆ ತರುತ್ತಿದ್ದ ಊರುಗಳಲ್ಲಿ ಅದು ಸ್ವಂತದ ಸಾಮಾನಾಯಿತು. ಮೋಸರ್ ಬೇರ್ ಕಂಪನಿ ಸಿನಿಮಾದ ವಿಸಿಡಿಯನ್ನು 28 ರೂಪಾಯಿಗೆ, ಡಿವಿಡಿಯನ್ನು 34ಕ್ಕೆ ಇಳಿಸಿತು. ಅದರ ಪಟ್ಟಿಯಲ್ಲಿ ಕನ್ನಡ ಚಿತ್ರಗಳೂ ಇದ್ದವು. 28 ರೂಪಾಯಿಗೆ ನಾಲ್ಕು ಕಿಲೋ ಏಳುನೂರು ಗ್ರಾಂ ರಾಗಿ. ಅದೇ ಚಿತ್ರ ಟಾಕೀಸಿಗೆ ಹೋಗುವಾಗ 13,500 ಅಡಿ ಫಿಲ್ಮು. ಮನೆಗೆ ಬಂದಾಗ ಮೂರು ಬಿಲ್ಲೆ, ಐವತ್ತು ಗ್ರಾಂನೊಳಗೆ. ಎರಡು ಡಿಸ್ಕಿನ ಪ್ಯಾಕಾದರೆ 148 ನಿಮಿಷಕ್ಕಿಂತ ಹೆಚ್ಚಿನದು ಕತ್ತರಿಗೆ ಹೋಗುವುದೂ ಇತ್ತು.

ಚಿತ್ರ, ಹಾಡು, ಕಂಪ್ಯೂಟರ್ ಮೂರೂ ಒಂದಾಗಿ ಮನೆಗೆ ಬಂದದ್ದು ಕೊನೆಗೆ ಫೋನಿನಲ್ಲಿ. 2025ರಿಂದ ಐಫೋನ್ 17 ದೇವನಹಳ್ಳಿಯ ಫಾಕ್ಸ್‌ಕಾನ್ ಕಾರ್ಖಾನೆಯಲ್ಲೂ ತಯಾರಾಗುತ್ತಿದೆ. ಬಿಡುಗಡೆಯಾದಾಗ ಬೆಲೆ 82,900 ರೂಪಾಯಿ, 2025-26ರ ಬೆಂಬಲ ಬೆಲೆಯಲ್ಲಿ 17 ಕ್ವಿಂಟಲ್ ರಾಗಿ; ಹಿಡಿಸುವುದು 375 ಸಿಡಿಗಳಷ್ಟನ್ನು. ಈಗಲೂ ಎರಡು ಎಕರೆಯವನ ಒಂದು ವರ್ಷದ ಬೆಳೆಯೇ.

ಇನ್ನೊಂದು ಲೆಕ್ಕ ನಿಮ್ಮ ಬೀರುವಿನಲ್ಲಿದೆ. 2000ದ ದಶಕದ ಮದುವೆ, ಗೃಹಪ್ರವೇಶಗಳನ್ನು ಸ್ಟುಡಿಯೊದವರು ವಿಸಿಡಿಗೆ ಬರೆದು ಕೊಡುತ್ತಿದ್ದರು. ಅಂಗಡಿಯ ಸಿನಿಮಾ ಡಿಸ್ಕನ್ನು ಅಚ್ಚಿನಲ್ಲಿ ಒತ್ತುತ್ತಾರೆ; ಇವು ಬಣ್ಣದ ಪದರದ ಮೇಲೆ ಲೇಸರಿನಿಂದ ಬರೆದವು, ಬಿಸಿಲಿಗೂ ವಯಸ್ಸಿಗೂ ಮಾಸುತ್ತವೆ. 32 ಜಿಬಿಯ ಪೆನ್‌ಡ್ರೈವಿಗೆ 35 ಡಿಸ್ಕು ಆರಾಮವಾಗಿ ಹಿಡಿಯುತ್ತದೆ. ಸಿಡಿ ಡ್ರೈವ್ ಇರುವ ಹಳೆಯ ಕಂಪ್ಯೂಟರ್ ಹುಡುಕಿ, ಡಿಸ್ಕಿನೊಳಗಿನ 'ಎಂಪೆಗ್‌ಎವಿ' ಫೋಲ್ಡರಿನಲ್ಲಿರುವ ದೊಡ್ಡ 'ಡ್ಯಾಟ್' ಫೈಲುಗಳನ್ನು ನಕಲು ಮಾಡಿಕೊಳ್ಳಿ, ವಿಎಲ್‌ಸಿಯಲ್ಲಿ ಓಡುತ್ತವೆ. ಡ್ರೈವುಳ್ಳ ಕಂಪ್ಯೂಟರುಗಳೂ ಕಡಿಮೆಯಾಗುತ್ತಿವೆ, ಈ ವರ್ಷವೇ ಮಾಡಿ ಮುಗಿಸಿ.