ತಿಳಿನೀರಿನ ಸಂಶಯ

ಬಾವಿಯಿಂದ ಒಂದು ಕೊಡ ನೀರು ಸೇದಿ ಗಾಜಿನ ಲೋಟಕ್ಕೆ ಸುರಿಯೋಣ. ನೀರು ತಿಳಿಯಾಗಿದೆ, ವಾಸನೆಯಿಲ್ಲ, ನಾಲಿಗೆಗೂ ಸಿಹಿಯಾಗಿಯೇ ಇದೆ. ಇಷ್ಟರಿಂದಲೇ ಅದು ಕುಡಿಯಲು ಯೋಗ್ಯವೆನ್ನಬಹುದೆ? ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳಂಥ ಊರುಗಳಲ್ಲಿ ಈ ಪ್ರಶ್ನೆಗೆ ಉತ್ತರವನ್ನು ನೆಲದೊಳಗೆ ಹುಡುಕಬೇಕು.

ಈ ಸೀಮೆಯ ಮಣ್ಣಿನಡಿಯಲ್ಲಿರುವುದು ಗ್ರಾನೈಟ್, ನೈಸ್ ಎಂಬ ಗಟ್ಟಿ ಶಿಲೆಗಳು. ರಾಮನಗರಕ್ಕೆ ಹಿಂದೆ ಕ್ಲೋಸ್‌ಪೇಟೆಯೆಂಬ ಹೆಸರಿತ್ತು. ಮೈಸೂರಿನಲ್ಲಿ ಬ್ರಿಟಿಷ್ ರೆಸಿಡೆಂಟನಾಗಿದ್ದ ಬ್ಯಾರಿ ಕ್ಲೋಸ್‌ನಿಂದ ಬಂದ ಹೆಸರು. ಊರು ಅದನ್ನು ಕಳಚಿಕೊಂಡರೂ ಭೂವಿಜ್ಞಾನಿಗಳು ಬಿಟ್ಟಿಲ್ಲ: ಅಲ್ಲಿಯ ಬೆಟ್ಟಗಳ ಶಿಲೆ ಇಂದಿಗೂ ‘ಕ್ಲೋಸ್‌ಪೇಟೆ ಗ್ರಾನೈಟ್’, ವಯಸ್ಸು ಸುಮಾರು 250 ಕೋಟಿ ವರ್ಷ. ಇಂಥ ಕಲ್ಲು ತಾನಾಗಿ ನೀರನ್ನು ಹೀರದು. ಮಳೆನೀರು ನಿಲ್ಲುವುದು ಅದರ ಬಿರುಕುಗಳಲ್ಲಿ ಮತ್ತು ಕಲ್ಲು ಶಿಥಿಲವಾಗಿ ಪುಡಿಯಾದ ಮೇಲ್ಪದರದಲ್ಲಿ. ಆಳವಿಲ್ಲದ ತೆರೆದ ಬಾವಿಗೆ ನೀರು ಬಹುಪಾಲು ಈ ಮೇಲ್ಪದರದಿಂದಲೇ ಬರುತ್ತದೆ. ಕಕ್ಕಸಿನ ಗುಂಡಿಯನ್ನೂ ಬಚ್ಚಲ ಇಂಗುಗುಂಡಿಯನ್ನೂ ನಾವು ತೋಡುವುದು ಇದೇ ಪದರದಲ್ಲಿ!

ಮೂತ್ರದಲ್ಲಿರುವ ಯೂರಿಯ ಒಡೆದು ಅಮೋನಿಯವಾಗುತ್ತದೆ. ಮಣ್ಣಿನ ಬ್ಯಾಕ್ಟೀರಿಯಗಳು ಅದನ್ನು ಮೊದಲು ನೈಟ್ರೈಟಾಗಿ, ಅನಂತರ ನೈಟ್ರೇಟಾಗಿ ಮಾರ್ಪಡಿಸುತ್ತವೆ. ಜೇಡಿಮಣ್ಣಿನ ಕಣಗಳದು ಋಣ ವಿದ್ಯುದಂಶ, ನೈಟ್ರೇಟಿನದೂ ಅದೇ. ಆದುದರಿಂದ ಮಣ್ಣು ಅದನ್ನು ಹಿಡಿದಿಡಲಾರದು. ನೀರು ಹೋದತ್ತ ಅದೂ ಹೋಗುತ್ತದೆ. ಕಾಯಿಸಿ ಕುಡಿದರಾಯಿತೆನ್ನುವಿರಾ? ಕುದಿಸಿದರೆ ರೋಗಾಣುಗಳು ಸಾಯುವುವು, ಆ ಅಭ್ಯಾಸವನ್ನು ಬಿಡಬೇಕಾಗಿಲ್ಲ. ಆದರೆ ನೈಟ್ರೇಟ್ ಆವಿಯಾಗದು. ಲೀಟರಿಗೆ 45 ಮಿಲಿಗ್ರಾಂ ನೈಟ್ರೇಟುಳ್ಳ ಒಂದು ಲೀಟರು ನೀರನ್ನು ಮುಕ್ಕಾಲು ಲೀಟರಿಗೆ ಇಳಿಸಿದರೆ, ಪ್ರಮಾಣವು ಲೀಟರಿಗೆ 60ಕ್ಕೆ ಏರುತ್ತದೆ. ಭಾರತೀಯ ಮಾನಕವು ವಿಧಿಸಿರುವ ಮಿತಿ 45. ಬಾಟಲಿಹಾಲು ಕುಡಿಯುವ ಹಸುಗೂಸುಗಳಿಗೆ ಇದರ ಅಪಾಯ ಹೆಚ್ಚು. 1945ರಲ್ಲಿ ಅಮೆರಿಕದ ಅಯೋವಾ ಪ್ರಾಂತದ ವೈದ್ಯ ಹಂಟರ್ ಕಾಮ್ಲಿ, ಬಾವಿನೀರು ಬೆರೆಸಿದ ಹಾಲು ಕುಡಿದ ಶಿಶುಗಳು ನೀಲಿಗಟ್ಟಿದುದನ್ನು ವರದಿ ಮಾಡಿದನು. ದೇಹದೊಳಗೆ ನೈಟ್ರೇಟ್ ನೈಟ್ರೈಟಾಗಿ, ರಕ್ತದ ಹಿಮೊಗ್ಲೋಬಿನನ್ನು ಆಮ್ಲಜನಕ ಒಯ್ಯದಂತೆ ಮಾಡುತ್ತದೆ.

ನೈಟ್ರೇಟ್ ಎಲ್ಲಿಂದ ಬಂತೆಂಬುದನ್ನು ಹೇಗೆ ತಿಳಿಯುವುದು? ಅಡುಗೆಯುಪ್ಪು ಇಲ್ಲಿ ಪತ್ತೇದಾರ. ಗ್ರಾನೈಟಿನಲ್ಲಿ ಕ್ಲೋರೈಡ್ ಅತ್ಯಲ್ಪ. ನಮ್ಮ ಮೂತ್ರದಲ್ಲಿ ಧಾರಾಳ. ಒಂದು ಬಾವಿಯಲ್ಲಿ ಎರಡೂ ನೆರೆಬಾವಿಗಳಿಗಿಂತ ಮೇಲೇರಿದ್ದರೆ ಮನೆಯ ಗುಂಡಿಯ ಮೇಲೆ ಸಂಶಯಪಡಬೇಕು. ಪೊಟ್ಯಾಷ್ ಗೊಬ್ಬರದಲ್ಲಿಯೂ ಕ್ಲೋರೈಡ್ ಉಂಟು. ಆದುದರಿಂದ ಸಂಶಯವೆಂದೆನೇ ಹೊರತು ತೀರ್ಪೆನ್ನಲಿಲ್ಲ. ಫ್ಲೋರೈಡಿನ ಕಥೆ ಬೇರೆ. ಅದು ಮುಖ್ಯವಾಗಿ ಕಲ್ಲಿನದೇ ಕೊಡುಗೆ.

ನಿಮ್ಮ ಕಾಲೇಜಿನ ಪ್ರಯೋಗಶಾಲೆಯಲ್ಲಿ ಕ್ಲೋರೈಡನ್ನು ಸಿಲ್ವರ್ ನೈಟ್ರೇಟಿನಿಂದ ಅಳೆಯಬಹುದು. ಸೀಸೆಯನ್ನು ಅದೇ ಬಾವಿಯ ನೀರಿನಿಂದ ಮೂರು ಸಲ ತೊಳೆದು ತುಂಬಿರಿ. ಬ್ಯಾಕ್ಟೀರಿಯ ಪರೀಕ್ಷೆಗೆ ಮಾತ್ರ ಬೇರೆ, ಕ್ರಿಮಿಶುದ್ಧವಾದ ಸೀಸೆ ಬೇಕು. ಅದನ್ನು ತೊಳೆಯದೆಯೇ ತುಂಬಿ, ಮಂಜುಗಡ್ಡೆಯಲ್ಲಿಟ್ಟು, 24 ಗಂಟೆಯೊಳಗೆ ಪರೀಕ್ಷಾಲಯಕ್ಕೆ ಮುಟ್ಟಿಸಬೇಕು. 100 ಮಿಲಿಲೀಟರಿನಲ್ಲಿ ಒಂದು ಕೋಲಿಫಾರ್ಮ್ ಕೂಡ ಕಾಣಬಾರದು. ಮಳೆಗಾಲಕ್ಕೆ ಮುನ್ನ ಒಮ್ಮೆ, ಮಳೆ ನಿಂತ ಮೇಲೆ ಇನ್ನೊಮ್ಮೆ ನೀರು ತೆಗೆಯಿರಿ. ಸೀಸೆಯ ಚೀಟಿಯಲ್ಲಿ ದಿನಾಂಕದ ಕೆಳಗೆ ಇನ್ನೊಂದು ಸಂಖ್ಯೆಯನ್ನೂ ಬರೆಯಿರಿ: ಬಾವಿಯಿಂದ ಹತ್ತಿರದ ಗುಂಡಿಗೆ ಎಷ್ಟು ಮೀಟರು.